ಅರಳದ ‘ತಾವರೆ’, ತುಂಬಿದ ಅಂತರಗಂಗೆ: ಹೊಂಡ ಮುಚ್ಚಬೇಕಾ?

ಪ್ರಶ್ನೆ: ಹೋದ ದೀಪಾವಳಿಗೆ ಕಲಬುರಗಿಯ ನಮ್ಮ ಮನೆಯ ಮುಂದೆ 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳದ ಸಿಮೆಂಟ್ ಹೊಂಡ ಕಟ್ಟಿಸಿದೆವು. ಸುತ್ತ ಫರಸಿ ಹಾಸಿದ್ದೇವೆ. ತಳದಲ್ಲಿ ಒಂದು ಅಡಿ ಎರೆಮಣ್ಣು, ಸಗಣಿ ಗೊಬ್ಬರ ಕಲಸಿ ಹಾಕಿ ನರ್ಸರಿಯಿಂದ ತಂದ ಎರಡು ತಾವರೆ ನೆಟ್ಟೆ. ನೀರು ಬೋರಿನದು. ನಡುವೆ ಒಂದು ಸಣ್ಣ ಕಾರಂಜಿ ಇದೆ. ಶಿವರಾತ್ರಿ ಹೊತ್ತಿಗೆ ನೀರು ಹಸಿರಾಯಿತು. ಮೂರು ಸಲ ಪೂರ್ತಿ ಖಾಲಿ ಮಾಡಿ ತುಂಬಿಸಿದೆ, ಮತ್ತೆ ಹಸಿರು. ಯಾರೋ ಹೇಳಿದರೆಂದು ಹಳ್ಳದಿಂದ ನಾಲ್ಕು ಅಂತರಗಂಗೆ ಗಿಡ ತಂದು ಬಿಟ್ಟೆ. ಹಸಿರು ಹೋಯಿತು, ಆದರೆ ಎರಡು ತಿಂಗಳಲ್ಲಿ ಹೊಂಡವೇ ಕಾಣದಂತಾಯಿತು. ಮೇ ತಿಂಗಳ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೀನೆಲ್ಲ ಸತ್ತು ತೇಲುತ್ತಿದ್ದವು. ತಾವರೆ ಒಂದೂ ಅರಳಲಿಲ್ಲ. ಡೆಂಗ್ಯೂ ಬರುತ್ತೆ, ಹಾವು ಬರುತ್ತೆ ಅಂತ ಪಕ್ಕದ ಮನೆಯವರು ಹೆದರಿಸುತ್ತಾರೆ. ನಮ್ಮ ಯಜಮಾನರು ‘ಯಾಕ ಬೇಕ ಈ ತ್ರಾಸ, ಮಣ್ಣ ಹಾಕಿ ಮುಚ್ಚಿಬಿಡು’ ಅನ್ನುತ್ತಾರೆ. ಶ್ರಾವಣಕ್ಕೆ ಎರಡು ವರ್ಷದ ಮೊಮ್ಮಗ ಬರುವವನಿದ್ದಾನೆ. ಏನು ಮಾಡಲಿ? ನಮ್ಮ ಬಿಸಿಲಿಗೆ ತಡೆಯುವ ನೀರಿನ ಗಿಡ ಯಾವುದು?

ಉತ್ತರ: ಮುಚ್ಚುವ ಮಾತು ಸ್ವಲ್ಪ ದಿನ ಇರಲಿ. ನೀವು ಗಿಡದ ಹೆಸರು ಕೇಳಿದ್ದೀರಿ, ಹೇಳುತ್ತೇನೆ. ಆದರೆ ನಿಮ್ಮ ಪತ್ರ ಓದಿದರೆ ತಪ್ಪು ಗಿಡದ್ದಲ್ಲ, ಆ ತಳದ ಸಗಣಿ ಗೊಬ್ಬರದ್ದು ಅಂತ ಕಾಣುತ್ತದೆ. ಹಸಿರು ನೀರು, ಅಂತರಗಂಗೆ, ಸತ್ತ ಮೀನು ಮೂರಕ್ಕೂ ಬೇರು ಅಲ್ಲೇ ಇದೆ.

ಹೊಲಕ್ಕೆ ಗೊಬ್ಬರ ಹಾಕಿ ಅಭ್ಯಾಸವಾದ ಕೈ ನಮ್ಮದು. ಹೊಂಡಕ್ಕೂ ಹಾಗೇ ಹಾಕುತ್ತೇವೆ. ಹೊಲದಲ್ಲಿ ಗೊಬ್ಬರ ಮಣ್ಣಲ್ಲಿ ಉಳಿಯುತ್ತದೆ, ನೀರಲ್ಲಿ ಕರಗಿ ಎಲ್ಲೆಡೆ ಹರಡುತ್ತದೆ. ಆಗ ಮೊದಲು ತಿನ್ನಲು ಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ನೀವು ನೆಟ್ಟ ಗಿಡ ಬೇರು ಬಿಡಲು ತಿಂಗಳು ಬೇಕು, ಪಾಚಿಗೆ ನಾಲ್ಕು ದಿನ ಸಾಕು. ನೀವು ಪೂರ್ತಿ ನೀರು ಬದಲಿಸಿದಾಗ ಏನಾಯಿತು? ತೇಲುತ್ತಿದ್ದ ಪಾಚಿ ಹೋಯಿತು, ಗೊಬ್ಬರ ತಳದಲ್ಲೇ ಉಳಿಯಿತು. ಹೊಸ ತಿಳಿನೀರಿನಲ್ಲಿ ಬಿಸಿಲು ತಳದವರೆಗೆ ಇಳಿಯಿತು. ಪಾಚಿಗೆ ಇನ್ನೇನು ಬೇಕು? ಪ್ರತಿ ಸಲ ಅಷ್ಟೂ ನೀರು, ತಳದ ಒಂದು ಅಡಿ ಮಣ್ಣು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 2,500 ಲೀಟರ್, ಸುಮ್ನೆ ಹೋಯಿತು. ಹಸಿರಾದರೆ ನೀರು ಬದಲಿಸಬೇಕು ಅನ್ನುವುದು ನಾನು ಅತಿ ಹೆಚ್ಚು ಕೇಳಿದ ತಪ್ಪು ಸಲಹೆ. ತೆಳು ಹಸಿರು ನೀರಿನಿಂದ ಮೀನಿಗೂ ಗಿಡಕ್ಕೂ ತೊಂದರೆಯಿಲ್ಲ. ಕೈ ಮುಳುಗಿಸಿದಾಗ ಮೊಣಕೈ ಹತ್ತಿರದಲ್ಲೇ ಬೆರಳು ಕಾಣದಷ್ಟು ದಟ್ಟವಾದರೆ ಮಾತ್ರ ಚಿಂತೆ ಮಾಡಿ.

ಇನ್ನು ಅಂತರಗಂಗೆ. ಈ ಹೆಸರಿನಲ್ಲಿ ನಮ್ಮಲ್ಲಿ ಎರಡು ಗಿಡ ಓಡಾಡುತ್ತವೆ. ಒಂದು ಎಲೆಕೋಸಿನ ಮರಿಯಂತೆ ತೇಲುವುದು. ಇನ್ನೊಂದು ತೊಟ್ಟು ಬಲೂನಿನಂತೆ ಉಬ್ಬಿ ತಿಳಿ ನೇರಳೆ ಹೂ ಬಿಡುವುದು. ನೀವು ತಂದದ್ದು ಎರಡನೆಯದು ಇರಬೇಕು. ಅದು ದಕ್ಷಿಣ ಅಮೆರಿಕದ ಗಿಡ, ಹೂ ಚೆಂದ ಅಂತ ಮನುಷ್ಯರೇ ದೇಶ ದೇಶಕ್ಕೆ ಹೊತ್ತೊಯ್ದರು. ಅನುಕೂಲ ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ನಾಲ್ಕು ಎಂಟಾಗಿ, ಎಂಟು ಹದಿನಾರಾಗಿ, ಎರಡು ತಿಂಗಳಿಗೆ ಅರವತ್ತು ದಾಟುತ್ತದೆ. ನಿಮ್ಮ ಸಗಣಿ ಗೊಬ್ಬರದ ಊಟ ಬೇರೆ ಇತ್ತಲ್ಲ.

ಅದು ನೀರನ್ನು ತಿಳಿ ಮಾಡುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. ನೀರಿನ ಗೊಬ್ಬರವನ್ನು ಹೀರುತ್ತದೆ, ನೆರಳು ಕೊಟ್ಟು ಪಾಚಿ ಕೊಲ್ಲುತ್ತದೆ. ಆದರೆ ಹೀರಿದ ಗೊಬ್ಬರ ಹೊರಗೆ ಹೋಗಬೇಕಾದರೆ ವಾರ ವಾರ ಅರ್ಧ ಗಿಡ ಕಿತ್ತು ತೆಗೆಯಬೇಕು. ಯಾರೂ ತೆಗೆಯುವುದಿಲ್ಲ. ಕೆಳಗಿನ ಎಲೆ ಕೊಳೆತು ಗೊಬ್ಬರ ಮತ್ತೆ ತಳಕ್ಕೇ ಸೇರುತ್ತದೆ.

ಮೀನು ಸತ್ತದ್ದು ಬಿಸಿಲಿಗೆ ಅಂತ ನೀವು ಅಂದುಕೊಂಡಿರಬಹುದು. ಬಿಸಿಲಿನ ಪಾಲೂ ಇದೆ. ಆದರೆ ಬೆಳಿಗ್ಗೆ ಎದ್ದಾಗ ಸತ್ತಿದ್ದವು ಅಂತ ಬರೆದಿದ್ದೀರಲ್ಲ, ಅದೇ ಸುಳಿವು. ಬಿಸಿಲಿಗೆ ಸಾಯುವುದಿದ್ದರೆ ಮಧ್ಯಾಹ್ನ ಮೂರಕ್ಕೆ ಸಾಯಬೇಕಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ, 35 ಡಿಗ್ರಿಗೆ 7 ಮಿಲಿಗ್ರಾಂ ಇರಬಹುದು. ಅದರ ಮೇಲೆ ಅಂತರಗಂಗೆಯ ಚಾಪೆ ಗಾಳಿಯನ್ನೇ ತಡೆಯಿತು. ತಳದಲ್ಲಿ ಸಗಣಿ ಕೊಳೆಯುತ್ತಾ ಇದ್ದಬದ್ದ ಆಮ್ಲಜನಕ ತಿಂದಿತು. ರಾತ್ರಿ ಹೊತ್ತು ಗಿಡ ಕೂಡ ಆಮ್ಲಜನಕ ಬಳಸುತ್ತದೆ, ಕೊಡುವುದಿಲ್ಲ. ಬೆಳಗಿನ ಜಾವ ನಾಲ್ಕರಿಂದ ಆರು ಗಂಟೆ ಹೊಂಡಕ್ಕೆ ಅತಿ ಕೆಟ್ಟ ಹೊತ್ತು. ಆ ಹೊತ್ತಿಗೆ ಟಾರ್ಚ್ ಹಿಡಿದು ನೋಡಿದ್ದರೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಕಾಣುತ್ತಿತ್ತು.

ಕಾರಂಜಿಯನ್ನು ನೀವು ಸಂಜೆ ಹಾಕಿ ಮಲಗುವಾಗ ಆರಿಸುತ್ತಿದ್ದಿರಿ ಅಂತ ನನ್ನ ಊಹೆ. ಎಲ್ಲರೂ ಹಾಗೇ ಮಾಡುತ್ತಾರೆ, ನೋಡಲು ಚೆಂದ ಇರುವುದು ಆಗಲೇ ಅಲ್ವಾ. ಏಪ್ರಿಲ್, ಮೇ ತಿಂಗಳಲ್ಲಿ ಅದು ಓಡಬೇಕಾದದ್ದು ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ. ಒಂದು ಟೈಮರ್ ಹಾಕಿಸಿ. ಜೊತೆಗೆ ನೀರಿನ ಪಂಪಿನ ಲೈನಿಗೆ, ಕರೆಂಟ್ ಸೋರಿದ ಕೂಡಲೇ ತಾನೇ ಲೈನ್ ಕಡಿಯುವ ಇಎಲ್‌ಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಅದಿಲ್ಲದೆ ಹೊಂಡಕ್ಕೆ ಕೈ ಹಾಕಬೇಡಿ.

ನಿಮ್ಮ ‘ತಾವರೆ’ ಯಾಕೆ ಅರಳಲಿಲ್ಲ? ಅದು ತಾವರೆಯೇ ಅಲ್ಲ ಅಂತ ನನ್ನ ಅನುಮಾನ. ನರ್ಸರಿಗಳಲ್ಲಿ ನೈದಿಲೆಯನ್ನು ತಾವರೆ ಅಂತ ಮಾರುವುದು ಮಾಮೂಲು. ಎಲೆ ನೋಡಿ. ಅಂಚಿನಿಂದ ತೊಟ್ಟಿನವರೆಗೆ ಸೀಳು ಇದ್ದು ನೀರಿಗೆ ಅಂಟಿಕೊಂಡೇ ಇದ್ದರೆ ನೈದಿಲೆ. ಎಲೆ ತಟ್ಟೆಯಂತೆ ಪೂರ್ತಿ ದುಂಡಗಿದ್ದು, ತೊಟ್ಟು ಸರಿಯಾಗಿ ನಡುವಿಗೆ ಬಂದರೆ ತಾವರೆ. ತಾವರೆಯ ಮೊದಲ ಎಲೆಗಳೂ ತೇಲುತ್ತವೆ, ಆಮೇಲಿನವು ನೀರಿಗಿಂತ ಒಂದೆರಡು ಅಡಿ ಮೇಲೆ ಕೊಡೆಯಂತೆ ನಿಲ್ಲುತ್ತವೆ. ಅನುಮಾನವಿದ್ದರೆ ಎಲೆ ಮೇಲೆ ನೀರು ಚಿಮುಕಿಸಿ. ತಾವರೆ ಎಲೆಯ ಮೇಲೆ ನೀರು ಅಂಟದು ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಯಾವುದೇ ಇರಲಿ, ಅದು ಅರಳದಿರಲು ಕಾರಣ ಸಾಕಷ್ಟಿದ್ದವು. ಅಂತರಗಂಗೆ ಬೆಳಕು ಮುಚ್ಚಿತು. ಕಾರಂಜಿಯ ಹನಿ ಸದಾ ಎಲೆ ಮೇಲೆ ಬೀಳುತ್ತಿದ್ದರೆ ನೈದಿಲೆ ಸೊರಗುತ್ತದೆ, ಅದು ನಿಂತ ನೀರಿನ ಗಿಡ. ಪುಟ್ಟ ಗಿಡವನ್ನು ತಂದ ದಿನವೇ ಅಷ್ಟು ಆಳಕ್ಕೆ ಇಳಿಸಿದಿರಿ. ಅದರ ಶಕ್ತಿಯೆಲ್ಲ ತೊಟ್ಟು ಉದ್ದ ಮಾಡಿ ಎಲೆಯನ್ನು ಮೇಲೆ ತರುವುದಕ್ಕೇ ಖರ್ಚಾಯಿತು. ಹೊಸ ಸಿಮೆಂಟಿನ ಸುಣ್ಣ ಕೂಡ ಶುರುವಿನಲ್ಲಿ ಕಾಡಿರಬಹುದು. ಹೊಸ ತೊಟ್ಟಿಗೆ ಎರಡು ಮೂರು ಸಲ ನೀರು ತುಂಬಿಸಿ, ಒಂದೊಂದು ವಾರ ಬಿಟ್ಟು ಚೆಲ್ಲಿ, ಆಮೇಲೆ ಗಿಡ ಇಡುವುದು ಒಳ್ಳೆಯದು. ಈಗ ಏಳು ತಿಂಗಳಾಗಿದೆ, ಆ ಕಾಟ ಬಹುಪಾಲು ಮುಗಿದಿದೆ. ಫರಸಿ ನಮ್ಮ ಶಹಾಬಾದಿನ ಸುಣ್ಣದ ಕಲ್ಲೇ, ಆದರೆ ಅಂಚಿನಲ್ಲಿ ಮಾತ್ರ ಇದ್ದರೆ ಚಿಂತೆಯಿಲ್ಲ.

ಜಾಸ್ತಿ ಯೋಚಿಸಬೇಕಾದದ್ದು ಬೋರ್ ನೀರಿನ ಗಡಸುತನ. ನಮ್ಮ ಬೇಸಿಗೆಯಲ್ಲಿ ತೆರೆದ ಹೊಂಡದಿಂದ ದಿನಕ್ಕೆ ಸುಮಾರು ಒಂದು ಸೆಂಟಿಮೀಟರ್ ನೀರು ಆರಿಹೋಗುತ್ತದೆ. ನಿಮ್ಮ ಅಳತೆಗೆ ಅದು 55 ಲೀಟರ್, ಅಂದರೆ ನಾಲ್ಕು ಕೊಡದ ಹತ್ತಿರ. ಆರಿದ್ದು ಬರೀ ನೀರು, ಅದರಲ್ಲಿದ್ದ ಉಪ್ಪು, ಸುಣ್ಣ ಉಳಿಯಿತು. ಅದರ ಮೇಲೆ ಮತ್ತೆ ಬೋರ್ ನೀರು. ಫರಸಿ ಕೆಳಗೆ ಬಿಳಿ ಗೆರೆ ಕಟ್ಟಿರುವುದು ಅದೇ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗೊಬ್ಬರದ ಕೊರತೆ ಅಂತ ಇನ್ನಷ್ಟು ಸುರಿಯಬೇಡಿ. ಸುಣ್ಣ ಜಾಸ್ತಿಯಾದ ನೀರಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಹಾಗಾಗುತ್ತದೆ. ಆರ್‌ಒ ಯಂತ್ರದ ವೇಸ್ಟ್ ನೀರನ್ನು ಹೊಂಡಕ್ಕೆ ಬಿಟ್ಟು ಉಳಿತಾಯ ಮಾಡಿದೆ ಅಂತ ಖುಷಿ ಪಡುವವರನ್ನು ನೋಡಿದ್ದೇನೆ. ಅದು ಉಪ್ಪನ್ನೇ ಒಟ್ಟುಮಾಡಿದ ನೀರು, ಬೇಡ.

ಔಷಧ ಮಳೆಯೇ. 1,000 ಚದರ ಅಡಿ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ಮೆದು ನೀರು. ನಾಲ್ಕೈದು ಒಳ್ಳೆಯ ಮಳೆಗೆ ನಿಮ್ಮ ಹೊಂಡ ತುಂಬುತ್ತದೆ. ಮೊದಲ ಮಳೆಯ ಧೂಳಿನ ನೀರು ಹೊರಗೆ ಹೋಗಲಿ, ಆಮೇಲಿನದನ್ನು ಪೈಪಿನಲ್ಲಿ ತಿರುಗಿಸಿ. ಸೆಪ್ಟೆಂಬರ್‌ನ ಜೋರು ಮಳೆಗೆ ಹೊಂಡ ತುಂಬಿ ಹೊರಚೆಲ್ಲಿದರೆ ಬೇಸರ ಬೇಡ, ಹಳೆ ಉಪ್ಪು ತೊಳೆದು ಹೋಗುತ್ತದೆ.

ಹಾಗಾಗಿ ಕೆಲಸ ಈ ಜೂನ್‌ನಲ್ಲೇ ಆಗಲಿ. ಅಂತರಗಂಗೆ ಪೂರ್ತಿ ತೆಗೆಯಿರಿ, ಒಂದು ಮರಿಯನ್ನೂ ಬಿಡಬೇಡಿ. ಬಿಸಿಲಲ್ಲಿ ಹರಡಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಹಳ್ಳದಿಂದ ತಂದದ್ದಲ್ವಾ ಅಂತ ಮತ್ತೆ ಹಳ್ಳಕ್ಕೋ ನಿಮ್ಮೂರಿನ ಅಪ್ಪನ ಕೆರೆಗೋ ಎಸೆಯಬೇಡಿ. ಅದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ, ಅದಕ್ಕೇ ಮುಂದಿನ ಒಂದೆರಡು ವರ್ಷ ನಿಮ್ಮ ಹೊಂಡದಲ್ಲೂ ಮರಿ ಕಂಡರೆ ಕೂಡಲೇ ಕೀಳಬೇಕು. ನೀರು ಮತ್ತು ತಳದ ಕಪ್ಪು ಮಣ್ಣನ್ನು ತೋಟಕ್ಕೆ ಕೊಡಿ. ಕರಿಬೇವು, ದಾಸವಾಳ ಕುಣಿಯುತ್ತವೆ. ಖಾಲಿ ಹೊಂಡವನ್ನು ಮಾತ್ರ ವಾರಗಟ್ಟಲೆ ಹಾಗೇ ಬಿಡಬೇಡಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಒಳಗೆ ನೀರಿನ ಭಾರ ಇಲ್ಲದಿದ್ದರೆ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಬಿರಿದು ದೂರ ಸರಿಯುತ್ತದೆ. ಈ ಭಾಗದ ಹೊಂಡಗಳು ಸೋರುವುದಕ್ಕೆ ದೊಡ್ಡ ಕಾರಣ ಇದೇ. ಹೊಸದಾಗಿ ಕಟ್ಟುವವರು ಗೋಡೆಯ ಹೊರಗೆ ಅರ್ಧ ಅಡಿ ಗರಸು ತುಂಬಿಸಬೇಕು.

ತಳ ಬರಿದಾಗಿಯೇ ಇರಲಿ. ಗಿಡಗಳೆಲ್ಲ ಟಬ್ಬಿನಲ್ಲಿ. ಆಳಕ್ಕಿಂತ ಅಗಲ ಜಾಸ್ತಿ ಇರುವ ಪ್ಲಾಸ್ಟಿಕ್ ಟಬ್ ಸಾಕು. ಮಣ್ಣು ಅದೇ ಎರೆಮಣ್ಣು, ಕಾಲು ಭಾಗ ಮರಳು ಸೇರಿಸಿ. ಹೌದು, ಅಂಟುವ ಭಾರದ ಮಣ್ಣೇ ಬೇಕು. ಕೋಕೋಪಿಟ್, ಎಲೆಗೊಬ್ಬರ ಹಾಕಿದರೆ ತೇಲಿ ಹೋಗುತ್ತವೆ. ಗೊಬ್ಬರ ಬೇಕೇ ಬೇಕಾದರೆ ಗಿಡ ಬೇರು ಬಿಟ್ಟ ಮೇಲೆ ಡಿಎಪಿಯ ಏಳೆಂಟು ಕಾಳನ್ನು ಪೇಪರಿನಲ್ಲಿ ಸುತ್ತಿ ಬೆರಳುದ್ದ ಆಳಕ್ಕೆ ಒತ್ತಿ, ತಿಂಗಳಿಗೊಮ್ಮೆ. ಜಾಸ್ತಿ ಹಾಕಿದರೆ ಮತ್ತೆ ಪಾಚಿಯ ಕಥೆಯೇ. ಮಣ್ಣಿನ ಮೇಲೆ ಒಂದು ಇಂಚು ಸಣ್ಣ ಜಲ್ಲಿ ಹಾಸಿ, ನೀರು ಕಲಕುವುದಿಲ್ಲ.

ನಾನಾದರೆ ನಿಮ್ಮ ಹೊಂಡಕ್ಕೆ ಎರಡೇ ನೈದಿಲೆ ಇಡುತ್ತೇನೆ. ಒಂದು ನಮ್ಮದೇ ನೀಲಿ ನೈದಿಲೆ, ಬೆಳಿಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚುತ್ತದೆ. ಇನ್ನೊಂದು ರಾತ್ರಿ ಅರಳುವ ಬಿಳಿಯದೋ ಕೆಂಪಿನದೋ. ಅದು ಸಂಜೆ ಬಿರಿದು ಮರುದಿನ ಹತ್ತು ಗಂಟೆಯವರೆಗೂ ಇರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಮನುಷ್ಯರು ಅಂಗಳಕ್ಕೆ ಬಂದು ಕೂರುವುದೂ ಅದೇ ಹೊತ್ತಿಗೆ ತಾನೇ. ಒಂದೊಂದು ಗಿಡ ನಾಲ್ಕೈದು ಅಡಿ ಅಗಲ ಹರಡುತ್ತದೆ, ಎರಡೂ ಸೇರಿ ನೀರಿನ ಅರ್ಧ ಭಾಗ ಮುಚ್ಚುತ್ತವೆ. ಅಷ್ಟೇ ನೆರಳು ಬೇಕಾದದ್ದು. ಅದು ಪಾಚಿಯನ್ನೂ ತಡೆಯುತ್ತದೆ, ನೀರನ್ನೂ ತಂಪಾಗಿಡುತ್ತದೆ. ಮೊದಲು ಟಬ್ಬಿನ ಕೆಳಗೆ ಇಟ್ಟಿಗೆ ಜೋಡಿಸಿ, ಮಣ್ಣಿನ ಮೇಲೆ ಅರ್ಧ ಅಡಿ ನೀರು ಇರುವಂತೆ ಇಡಿ. ಎಲೆ ಹೆಚ್ಚಿದಂತೆ ಇಟ್ಟಿಗೆ ತೆಗೆಯುತ್ತಾ ಒಂದೂವರೆ ಅಡಿಗೆ ಇಳಿಸಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಹೊಂಡ ಈಶಾನ್ಯದಲ್ಲಿ ಇರಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ನೋಡುವುದು ಬಿಸಿಲನ್ನು ಮಾತ್ರ. ಏಪ್ರಿಲ್, ಮೇನಲ್ಲಿ ಪಡುವಣ ಬದಿಗೆ ಹಸಿರು ನೆರಳು ಬಲೆ ಕಟ್ಟಿ, ಮಧ್ಯಾಹ್ನದ ಬಿಸಿಲು ಸೋಸಿ ಬರಲಿ.

ನಿಜವಾದ ತಾವರೆಯೇ ಬೇಕು ಅಂದರೆ ಆಸೆ ತಪ್ಪಲ್ಲ, ನಮ್ಮ ರಾಜ್ಯದ ಹೂವೇ ಅದು. ಬಿಸಿಲು ಅದಕ್ಕೆ ಇಷ್ಟ. ಆದರೆ ಅದನ್ನು ಹೊಂಡದ ಮಣ್ಣಿಗೆ ಬಿಟ್ಟರೆ ಒಂದೆರಡು ವರ್ಷಕ್ಕೆ ಬೇರೆ ಗಿಡಕ್ಕೆ ಜಾಗ ಇರಲ್ಲ. ಎರಡು ಅಡಿ ಅಗಲದ, ತೂತಿಲ್ಲದ, ದುಂಡನೆಯ ಟಬ್ಬಿನಲ್ಲಿ ಬೇರೆಯಾಗಿಯೇ ಬೆಳೆಸಿ. ಮೂಲೆ ಇರುವ ಟಬ್ ಬೇಡ, ಗಡ್ಡೆಯ ತುದಿ ಓಡುತ್ತಾ ಮೂಲೆಗೆ ಸಿಕ್ಕಿ ಮುರಿಯುತ್ತದೆ. ಆ ತುದಿಯೇ ಅದರ ಜೀವ. ಗಡ್ಡೆ ನೆಡಲು ಫೆಬ್ರವರಿ, ಮಾರ್ಚ್ ಸರಿ. ಚಳಿಗಾಲದಲ್ಲಿ ಎಲೆ ಒಣಗಿದರೆ ಸತ್ತಿತು ಅಂತ ಕೀಳಬೇಡಿ, ಮಲಗಿರುತ್ತದೆ. ಬೀಜದಿಂದಲೂ ಬರುತ್ತದೆ. ಸಿಪ್ಪೆ ಕಲ್ಲಿನಂತಿರುವುದರಿಂದ ಒಂದು ತುದಿಯನ್ನು ಒಳಗಿನ ಬಿಳಿ ಕಾಣುವವರೆಗೆ ಕಲ್ಲಿಗೆ ಉಜ್ಜಬೇಕು. ಚೀನಾದ ಒಣ ಕೆರೆಯೊಂದರಲ್ಲಿ ಸಿಕ್ಕ ಸಾವಿರ ವರ್ಷಕ್ಕೂ ಹಳೆಯ ಬೀಜ ಹೀಗೇ ಮೊಳೆತಿದೆ. ಆದರೆ ಆನ್‌ಲೈನಿನಲ್ಲಿ ಮಾರುವ ‘ನೀಲಿ ತಾವರೆ ಬೀಜ’ಕ್ಕೆ ದುಡ್ಡು ಕೊಡಬೇಡಿ. ತಾವರೆಯಲ್ಲಿ ನೀಲಿ ಬಣ್ಣವೇ ಇಲ್ಲ. ಫೋಟೋದಲ್ಲಿ ತೋರಿಸುವುದು ಒಂದೋ ನೈದಿಲೆ, ಇಲ್ಲವೇ ಕಂಪ್ಯೂಟರಿನ ಬಣ್ಣ.

ನೀರಿನೊಳಗೆ ಬೆಳೆಯಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ವ್ಯಾಲಿಸ್ನೇರಿಯಾ ಎರಡು ಕುಂಡ ಇಡಿ, ರಿಬ್ಬನ್ನಿನಂತಹ ಎಲೆ. ಗಡಸು ನೀರು ಅದಕ್ಕೆ ಒಗ್ಗುತ್ತದೆ. ಅಂಚಿಗೆ ಕೆಸರು ಗಿಡಗಳು. ಕ್ಯಾನಾ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು, ಗೊಬ್ಬರ ಹೀರುವುದರಲ್ಲಿ ಗಟ್ಟಿ. ಅಂಬ್ರೆಲಾ ಪಾಮ್ ಅಂತ ನರ್ಸರಿಯವರು ಕೊಡುವ ಹುಲ್ಲೂ ತಡೆಯುತ್ತದೆ. ನೀರುಬ್ರಾಹ್ಮಿ ಫರಸಿಯ ಅಂಚಿನಿಂದ ಇಳಿಬಿದ್ದರೆ ಸಿಮೆಂಟ್ ಕಾಣುವುದಿಲ್ಲ. ಕೆಸು ಚೆಂದ, ಆದರೆ ಹಸಿ ಎಲೆ ಬಾಯಿಗೆ ಹಾಕಿದರೆ ತುರಿಕೆ. ಮೊಮ್ಮಗ ಇರುವಾಗ ಬೇಡ. ಬಜೆ ಹಾಕಿ ನಾನು ಎರಡು ಸಲ ಸೋತಿದ್ದೇನೆ, ಮೇ ತಿಂಗಳ ಬಿಸಿಗಾಳಿಗೆ ಎಲೆ ತುದಿಯಿಂದ ಸುಡುತ್ತದೆ. ನೆರಳು ಇದ್ದರೆ ನೀವು ಪ್ರಯತ್ನಿಸಿ.

ಜೊಂಡು ಮಾತ್ರ ಬೇಡವೇ ಬೇಡ. ವರ್ಷಗಳ ಹಿಂದೆ ಒಬ್ಬರ ಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಅಂದ ಅಂತ ನಾನೇ ನೆಟ್ಟೆ. ಮರುವರ್ಷ ಅದರ ಬೇರಿನ ಮೊನೆ ಹಾಳೆಯನ್ನು ಚುಚ್ಚಿ ಹೊರಬಂತು. ಇಡೀ ಹೊಂಡ ಬಿಚ್ಚಿಸಿ, ಹೊಸ ಹಾಳೆಯ ಖರ್ಚು ನನ್ನ ಕೈಯಿಂದಲೇ ಹೋಯಿತು.

ಸೊಳ್ಳೆ ಬಗ್ಗೆ ಪಕ್ಕದ ಮನೆಯವರ ಮಾತು ಅರ್ಧ ನಿಜ. ಡೆಂಗ್ಯೂ ಸೊಳ್ಳೆಗೆ ಇಷ್ಟವಾಗುವುದು ಮೀನಿಲ್ಲದ ಸಣ್ಣ ನೀರು: ಡ್ರಮ್ಮು, ಹಳೇ ಟಯರು, ಕೂಲರಿನ ತಳ. ಮೀನಿರುವ ತೆರೆದ ಹೊಂಡದಲ್ಲಿ ಮರಿಗಳು ಉಳಿಯುವುದು ಕಷ್ಟ. ಆದರೆ ಅಂತರಗಂಗೆ ಮುಚ್ಚಿದ ಹೊಂಡದ ಮಾತೇ ಬೇರೆ. ಮೀನಿಗೆ ಮರಿ ಸಿಗುವುದಿಲ್ಲ, ಅಲ್ಲದೆ ಒಂದು ಜಾತಿಯ ಸೊಳ್ಳೆಮರಿ ಆ ಬೇರನ್ನೇ ಚುಚ್ಚಿ ಉಸಿರಾಡುತ್ತದೆ, ಮೇಲೆ ಬರುವುದೇ ಇಲ್ಲ. ನಮ್ಮ ಭಾಗದ ಆನೆಕಾಲು ರೋಗ ಹರಡುವ ಸೊಳ್ಳೆಗೆ ಕೊಳೆತ ಕಪ್ಪು ನೀರು ಇಷ್ಟ. ಹಾಗಾಗಿ ಅವರಿಗೆ ಬೇಜಾರಾದದ್ದರಲ್ಲಿ ತಪ್ಪಿಲ್ಲ. ಹೊಸ ನೀರಿಗೆ 15–20 ಗಪ್ಪಿ ಬಿಡಿ, ಕೆರೆ ಹಳ್ಳಕ್ಕೆ ಮಾತ್ರ ಅವನ್ನು ಬಿಡಬೇಡಿ. ಕೋಯಿ ಮೀನು ಈ ಅಳತೆಗೆ ಬೇಡ, ಟಬ್ಬಿನ ಮಣ್ಣನ್ನೇ ಕೆದಕಿ ಹಾಕುತ್ತದೆ. ನೈದಿಲೆಗೆ ಹೇನು ಬಂದರೆ ಪೈಪಿನ ನೀರಿನಿಂದ ತೊಳೆಯಿರಿ. ಕೀಟನಾಶಕ ಹೊಡೆದರೆ ಮೊದಲು ಹೋಗುವುದು ಮೀನು.

ಹಾವು ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಕಪ್ಪೆ ಇದ್ದಲ್ಲಿ ನೀರುಹಾವು ಬರಬಹುದು, ಅದಕ್ಕೆ ವಿಷವಿಲ್ಲ. ನಾಗರಹಾವು ಹುಡುಕುವುದು ಇಲಿ, ಕಪ್ಪೆ ಮತ್ತು ಅಡಗುವ ಜಾಗವನ್ನು. ಫರಸಿಯ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿ, ಹತ್ತಿರ ಕಟ್ಟಿಗೆ, ಇಟ್ಟಿಗೆ ರಾಶಿ ಇಡಬೇಡಿ, ರಾತ್ರಿ ಒಂದು ದೀಪ ಇರಲಿ.

ಬೀದರ್ ಕಡೆಯಿಂದಲೂ ಇಂಥದೇ ಪ್ರಶ್ನೆ ಬರುತ್ತದೆ, ಒಂದೇ ಮಾತು. ಅಲ್ಲಿನ ಜಂಬಿಟ್ಟಿಗೆ ನೆಲ ನೀರು ಸೋಸಿ ಬಿಡುತ್ತದೆ. ಅದೇ ಗುಣದಿಂದಲೇ ನೌಬಾದಿನ ಸುರಂಗ ಬಾವಿಗಳಿಗೆ ನೀರು ಬಂದದ್ದು, ಹೊಂಡಕ್ಕೆ ಮಾತ್ರ ಅದು ಕಷ್ಟ. ಅಲ್ಲಿ ಗೋಡೆ ಬಿರಿಯುವ ಭಯ ಕಡಿಮೆ, ಸೋರುವ ಭಯ ಜಾಸ್ತಿ, ಹಾಗಾಗಿ ಒಳ್ಳೆಯ ಹಾಳೆ ಹಾಸಬೇಕು. ಗಿಡಗಳು ಇವೇ.

ಇನ್ನು ಮೊಮ್ಮಗನ ವಿಷಯ. ಸೊಳ್ಳೆ, ಹಾವಿಗಿಂತ ನನಗೆ ಹೆದರಿಕೆ ಇದರದ್ದೇ. ಎರಡು ವರ್ಷದ ಮಗು ಒಂದು ಅಡಿ ನೀರಿನಲ್ಲೂ ಸದ್ದಿಲ್ಲದೆ ಮುಳುಗುತ್ತದೆ. ನಿಮಗೆ ಎರಡು ದಾರಿ ಇವೆ. ಒಂದು, ಹೊಂಡಕ್ಕೆ ಜಲ್ಲಿ, ಮಣ್ಣು ತುಂಬಿಸಿ ಮೇಲೆ ನೀರು ನಿಲ್ಲದ ಕೆಸರು ತೋಟ ಮಾಡುವುದು: ಕ್ಯಾನಾ, ಬ್ರಾಹ್ಮಿ, ಅಂಬ್ರೆಲಾ ಪಾಮ್. ಯಜಮಾನರಿಗೂ ಮಣ್ಣು ಹಾಕಿದ ಸಮಾಧಾನ ಸಿಗುತ್ತದೆ. ಆದರೆ ನೀರು ಉಳಿಯುತ್ತದೆ ಅಂತ ಎಣಿಸಬೇಡಿ, ದೊಡ್ಡ ಎಲೆಗಳೂ ಅಷ್ಟೇ ನೀರು ಕುಡಿಯುತ್ತವೆ. ನೈದಿಲೆಯಂತೂ ಇರದು. ಇನ್ನೊಂದು, ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಮೂರು ಇಂಚಿನ ಕಿಂಡಿಯ ಕಬ್ಬಿಣದ ಜಾಲರಿ ಮಾಡಿಸಿ, ನೀರಿಗಿಂತ ಒಂದೆರಡು ಇಂಚು ಮೇಲೆ ಕೂರಿಸುವುದು. ನೈದಿಲೆ ಹೂ ಕಿಂಡಿಯಿಂದ ಮೇಲೆ ಬರುತ್ತದೆ. ಮೂರು ತುಂಡಾಗಿ ಮಾಡಿಸಿದರೆ ಟಬ್ ಎತ್ತಲು ಸುಲಭ. ನಿಮ್ಮ ಭಾರ ಹಾಕಿ ನಿಂತರೂ ಅದು ಬಗ್ಗಬಾರದು, ಮಗುವಿನ ಕೈಗೆ ಎತ್ತಲೂ ಬರಬಾರದು. ಗಿಡ ಈ ಮಳೆಗಾಲದಲ್ಲಿ ಯಾವಾಗ ನೆಟ್ಟರೂ ನಡೆಯುತ್ತದೆ, ಜಾಲರಿ ಮಾತ್ರ ಮೊಮ್ಮಗ ಬರುವ ಮುಂಚೆಯೇ ಕೂತಿರಬೇಕು. ಈ ವಾರವೇ ಅಳತೆ ಕೊಟ್ಟು ಬನ್ನಿ.